ಸರಸು ಹೇಳಿದ ಸಾಲುಗಳು

ನನ್ನ ತಂಗಿ ಸರಸುವಿನ ಕವನಗಳನ್ನು ನನ್ನ ಹೆಸರಿನಲ್ಲಿ ಹಾಕಿಕೊಂಡೆ. ಅದಕ್ಕೆ ತೆತ್ತ ಬೆಲೆ — ಅವಳು ಕವನ ಹೇಳುವುದನ್ನೇ ಬಿಟ್ಟಳು. ಕಾರಣ ದೊಡ್ಡದೇನಲ್ಲ. ಹೊಗಳಿಕೆ ಬೇಕಿತ್ತು, ಪುಕ್ಕಟೆ ಸಿಗುತ್ತಿತ್ತು.

ಕೊಯಮತ್ತೂರಿನ ಕನ್ನಡ ಮನೆಗಳವರ ವಾಟ್ಸಾಪ್ ಬಳಗ ನಮ್ಮದು. ದಿನಕ್ಕೊಂದು ಚುಟುಕ; ಯಾರು ಏನು ಬರೆದರೂ ಹೂವು, ಚಪ್ಪಾಳೆ. ಸರಸು ಸೋಮನೂರಿನ ಶೆಡ್ಡಿನಲ್ಲಿ ತರಿ ಓಡಿಸುತ್ತಾಳೆ. ಮಗ್ಗಕ್ಕೆ ನಾವು ಹಾಗೆನ್ನುವುದು. ನಮ್ಮಲ್ಲಿ ಬಹಳ ಜನರಂತೆ ಅವಳಿಗೂ ಕನ್ನಡ ಅಕ್ಷರ ಬಾರದು. ನಾನು ನೂಲಿನ ವ್ಯಾಪಾರಕ್ಕೆ ಮೈಸೂರು ಕಡೆ ಅಲೆದು, ಬಸ್ಸಿನ ಬೋರ್ಡು ಓದಿ ಓದಿ ಕಲಿತವನು.

"ಅಣ್ಣಾ, ನಂಗೆ ಎಳುತ್ತು ತೆರಿಯಾದು. ನಾ ಹೇಳ್ತೀನಿ, ನೀ ಬರ್ದು ಹಾಕ್ಬುಡು" ಎಂದು ಫೋನಿಗೆ ದನಿ ಕಳಿಸುತ್ತಿದ್ದಳು.

"ತರಿ ನಿಂತ್ರೆ ಮನೆಗೇ ಕಿವುಡು" ಅಂದಿದ್ದಳು ಒಮ್ಮೆ. ನಾನು "ಮಗ್ಗ ಮೌನವಾಗಲು ಮನೆಯೆಲ್ಲ ಶೂನ್ಯ" ಎಂದು ತಿದ್ದಿದೆ. ಸರಕಿಗೆ ಪಾಲಿಷ್ ಬೇಡವೇ? ತಿದ್ದಿದವನು ನಾನು, ಹೆಸರೂ ನನ್ನದಿರಲಿ — ಹಾಗೆ ಒಂದಾಯಿತು, ಹತ್ತಾಯಿತು...

ಆರ್.ಎಸ್. ಪುರಂನಲ್ಲಿ ಬಳಗದ ಕೂಟ. ಸರಸುವೂ ರಜೆ ಹಾಕಿ ಬಂದಳು. ನನ್ನನ್ನು ಕರೆದರು, ಓದಿದೆ. ಎಲ್ಲರಿಗಿಂತ ಜೋರಾಗಿ ಕೈ ತಟ್ಟಿದವಳು ಅವಳೇ. ತನ್ನದೆಂದು ಗುರುತೇ ಸಿಗಲಿಲ್ಲ — ಅಷ್ಟು ತಿಕ್ಕಿದ್ದೆ. ಬಸ್ಸಿನಲ್ಲಿ ಕೇಳಿದಳು: "ಏನಣ್ಣಾ, ನಂದು ಒಂದೂ ಓದ್ಲಿಲ್ವಲ್ಲ?"

ಆಗಲಾದರೂ —

"ನಿಂದು ಅವ್ರಿಗೆ ಹಿಡಿಸ್ಲಿಲ್ಲ, ಸರಸು" ಎಂದೆ.

"ಸರಿ ಬುಡು. ಅವ್ರೆಲ್ಲಾ ಪಡಿಚ್ಚವ್ರು, ಓದಿದ ದೊಡ್ಡೋರು" ಎಂದು ನಕ್ಕಳು. ಆಮೇಲೆ ಅವಳಿಂದ ಒಂದು ದನಿಯೂ ಬರಲಿಲ್ಲ.

ಮೂರು ವರ್ಷದ ಮೇಲೆ, ಮೊನ್ನೆ, ಅವಳೆದುರು ಕೂತು ಹೇಳಿಬಿಟ್ಟೆ. ಬೈಯಲಿಲ್ಲ. "ಅಂಗಾದ್ರೆ ನಾ ಹೇಳಿದ್ದನ್ನ ಹಾಕು, ಕೇಳ್ತೀನಿ" ಎಂದಳು.

ಎಲ್ಲಿಂದ ಹಾಕಲಿ? ನನ್ನ ಹಳೆಯ ಫೋನು ಮಾರಿಯಾಗಿದೆ. ಜಾಗ ಸಾಲದೆಂದು ಅವಳ ಫೋನಿನಲ್ಲಿದ್ದ ಆ ದನಿಗಳನ್ನು ಅಳಿಸಿಕೊಟ್ಟವನೂ ನಾನೇ. ಅವಳಿಗೆ ನೆನಪಿಲ್ಲ. ನನಗೆ ಆ ಒಂದು ಸಾಲು ಬಿಟ್ಟರೆ ಬಾಯಿಗೆ ಬರುವುದೆಲ್ಲ ನನ್ನ ಪಾಲಿಷೇ. ಹೊಸದೊಂದು ಹೇಳು ಎಂದರೆ "ಬರಲ್ಲಣ್ಣಾ" ಎನ್ನುತ್ತಾಳೆ, ಅಷ್ಟೇ. ಬಳಗದಲ್ಲೂ ಒಪ್ಪಿಕೊಂಡೆ. ಅದಕ್ಕೂ ಹೂವು ಹಾಕಿದರು — "ಎಂಥ ಪ್ರಾಮಾಣಿಕತೆ, ಸಾರ್!" ಬೈಸಿಕೊಳ್ಳಲೂ ಜಾಗವಿಲ್ಲ.

ನೀವು ಇಷ್ಟು ಮಾಡಿ. ಯಾರಾದರೂ ನಿಮ್ಮಿಂದ ಬರೆಸಿದರೆ ಮೊದಲು ಅವರ ಹೆಸರು ಬರೆಯಿರಿ, ಸಾಲು ಆಮೇಲೆ. ಬರೆದದ್ದನ್ನು ಅವರಿಗೇ ಓದಿ ಹೇಳಿ. "ಹೂಂ, ಇದು ನಂದೇ" ಎಂದು ಅವರು ಅನ್ನುವ ತನಕ ಯಾರಿಗೂ ಕಳಿಸಬೇಡಿ.