ಕೆಂಪು ಚಟ್ನಿಯ ಮೇಲಿನ ಸಿಲ್ವರ್ ಪೇಪರ್

ಮಹಾದೇವಿ ರೋಣದ ಕಡೆಯವಳು. ಮದುವೆಯಾಗಿ ಬಂದದ್ದು ಚಿಕ್ಕಬಾಣಾವರದ ಬಾಡಿಗೆ ಮನೆಗೆ. ಗಂಡ ಸಂಗಮೇಶ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಡುಗೆಗೆ ಬಳಸುವ ತೆಳು ಅಲ್ಯೂಮಿನಿಯಂ ಹಾಳೆಯನ್ನು ಕತ್ತರಿಸಿ ಸುರುಳಿ ಸುತ್ತುವುದು ಅಲ್ಲಿಯ ಕೆಲಸ. ಅಂಚು ಹರಿದ ಸುರುಳಿಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ೧೯೯೬ರಲ್ಲಿ ಆ ಬೀದಿಯ ಬೇರೆ ಯಾರ ಅಡುಗೆಮನೆಯಲ್ಲೂ ಅದು ಇರಲಿಲ್ಲ. ಎಲ್ಲರೂ ಅದನ್ನು ಸಿಲ್ವರ್ ಪೇಪರ್ ಎನ್ನುತ್ತಿದ್ದರು.

ಅದನ್ನು ಹೇಗೆ ಬಳಸಬೇಕೆಂದು ಮಹಾದೇವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಂಡನ ಬುತ್ತಿಗೆ ಬಿಸಿ ರೊಟ್ಟಿಯನ್ನು ಸುತ್ತಿ ಕಳಿಸಿದಳು. ಮಧ್ಯಾಹ್ನಕ್ಕೆ ಅದು ಬೆವೆತು ಹಿಟ್ಟಿನ ಮುದ್ದೆಯಂತಾಗಿತ್ತು. ಆಮೇಲೆ ಆರಿಸಿ ಸುತ್ತುವುದನ್ನು ಕಲಿತಳು. ಚೆಲ್ಲಿದ್ದು ಅಂಟದಿರಲಿ ಎಂದು ಗ್ಯಾಸ್ ಒಲೆಯ ಬರ್ನರ್ ಸುತ್ತ ಹಾಸಿದಳು. ಉರಿ ಹಳದಿಯಾಗಿ ಪಾತ್ರೆಗೆಲ್ಲ ಮಸಿ ಹಿಡಿಯಿತು. ಅದನ್ನೂ ಕಿತ್ತು ಹಾಕಿದಳು. ಹೀಗೆ ಕೆಡಿಸುತ್ತ ಕೆಡಿಸುತ್ತ ಕಲಿತಳು.

ಅತ್ತೆ ರುಕ್ಮವ್ವ ಮಗನ ಜೊತೆಗೇ ಇದ್ದವರು. ಗಟ್ಟಿ ಹೆಂಗಸು. ಮೂರು ಹೊತ್ತೂ ಅವರ ತಟ್ಟೆಯ ಅಂಚಿಗೆ ಕೆಂಪು ಮೆಣಸಿನಕಾಯಿ ಚಟ್ನಿ ಬೇಕು, ಅದರಲ್ಲಿ ಹುಣಸೆಹಣ್ಣು, ಉಪ್ಪು ಎರಡೂ ಮುಂದಾಗಿರಬೇಕು. ಚಟ್ನಿಯ ಜಾಡಿ ಒಡೆದ ಮೇಲೆ ಮಹಾದೇವಿ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಸರಿಯಾಗಿ ಕೂರದ್ದಕ್ಕೆ ಸಿಲ್ವರ್ ಪೇಪರ್ ಒತ್ತಿ ಮುಚ್ಚಿಟ್ಟಳು. ಕೆಲವು ದಿನ ಕಳೆದು ತೆಗೆದರೆ ಚಟ್ನಿ ತಾಗಿದ ಕಡೆಯೆಲ್ಲ ಹಾಳೆ ಸೂಜಿ ಚುಚ್ಚಿದಂತೆ ತೂತುಬಿದ್ದಿತ್ತು. ಚಟ್ನಿಯ ಮೇಲೆ ಬೂದು ಬಣ್ಣದ ಕಲೆಗಳಿದ್ದವು. ಅವಳು ಆ ಭಾಗವನ್ನು ಚಮಚದಲ್ಲಿ ಕೆರೆದು ತೆಗೆದು, ಹೊಸ ಹಾಳೆ ಹೊದಿಸಿದಳು. ಮುಂದೆ ಎಷ್ಟೋ ಸಲ ಹಾಗೇ ಆಯಿತು. ಹಾಗೇ ಮಾಡಿದಳು.

ಮರುವರ್ಷದ ಬೇಸಿಗೆಯಲ್ಲಿ ರುಕ್ಮವ್ವನ ಮರೆವು ಕಣ್ಣಿಗೆ ಬೀಳತೊಡಗಿತು. ಉಂಡು ಕೈತೊಳೆದವರು ಮತ್ತೆ ತಟ್ಟೆಯ ಮುಂದೆ ಬಂದು ಕೂರುವರು. ಒಂದು ಬೆಳಗ್ಗೆ ಮನೆಯಲ್ಲಿ ಕಾಣಲಿಲ್ಲ. ಮನೆಯ ಒಡತಿ ಭದ್ರಮ್ಮ ಅವರನ್ನು ರೈಲ್ವೆ ಸ್ಟೇಷನ್‌ನಿಂದ ಕೈಹಿಡಿದು ಕರೆತಂದಳು.

"ಗದಗಿನ ಗಾಡಿ ಬತ್ತದೆ ಅಂತ ಕುಂತಿತ್ತಮ್ಮ ನಿಮ್ಮತ್ತೆ," ಎಂದಳು ಭದ್ರಮ್ಮ. "ಒಬ್ಬರನ್ನೇ ಬಿಡಬ್ಯಾಡ ಇನ್ಮೇಲೆ."

ಸುದ್ದಿ ತಿಳಿದು ಸಂಗಮೇಶನ ಅಕ್ಕ ನೀಲವ್ವ ಹುಬ್ಬಳ್ಳಿಯಿಂದ ಬಂದಳು. ತಾಯಿಗೆ ತಾನೇ ಬಡಿಸುತ್ತೇನೆಂದು ಅಡುಗೆಮನೆಗೆ ಹೋದವಳು ಚಟ್ನಿಯ ಡಬ್ಬಿಯ ಹಾಳೆ ಬಿಚ್ಚಿ ಬೆಳಕಿಗೆ ಹಿಡಿದಳು. ತೂತುಗಳಲ್ಲಿ ಬೆಳಕು ಕಂಡಿತು.

"ಇದು ಎಲ್ಲಿ ಹೋತು, ಮಾದೇವಿ?" ಎಂದಳು. "ಈ ತೂತಿನಾಗಿನ ಹಾಳಿ ಎಲ್ಲಿ ಹೋತು?"

ಮಹಾದೇವಿ ಹಾಳೆ ಇಸಿದುಕೊಳ್ಳಲು ಕೈಚಾಚಿದಳು. ನೀಲವ್ವ ಕೊಡಲಿಲ್ಲ.

"ನಮ್ಮವ್ವನ ಹೊಟ್ಟಿಗೆ ಹೋಗೇತಿ. ಅಲ್ಯೂಮಿನಿಯಂ ತಿಂದ್ರ ಮರವು ಬರತೈತಂತ ಪೇಪರಿನ್ಯಾಗ ಓದೀನಿ ನಾನು. ಪುಗಸಟ್ಟಿ ಸಿಕ್ಕತಂತ ಅಕಿಗೆ ತಿನಿಸೀರಿ."

ಸಂಗಮೇಶ ಪಡಸಾಲೆಯಲ್ಲೇ ಇದ್ದ. ಅಕ್ಕನ ಮಾತಿಗೆ ಎದುರಾಡುವ ರೂಢಿ ಅವನಿಗಿರಲಿಲ್ಲ. ಅವಳು ಹಿತ್ತಲಿಗೆ ಹೋದ ಮೇಲೆ ಹೆಂಡತಿಗೆ, "ಮನಸಿಗೆ ಹಚ್ಕೋಬ್ಯಾಡ," ಎಂದಷ್ಟೇ ಹೇಳಿದ. ಮಹಾದೇವಿಗೆ ಬೈಗುಳಕ್ಕಿಂತ ಹೆಚ್ಚಾಗಿ ಕೆರೆದು ತೆಗೆದ ಬೂದು ಚಟ್ನಿಯ ನೆನಪು ಚುಚ್ಚುತ್ತಿತ್ತು. ಕಂಡೂ ಯಾಕೆ ಬಡಿಸಿದೆ? ಅವಳಿಗೆ ಊಟ ಸೇರದಾಯಿತು.

ಆ ವಾರವೇ ಗಂಡಹೆಂಡತಿ ಅತ್ತೆಯನ್ನು ನಗರದೊಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ನಡುವಯಸ್ಸಿನ ಹೆಂಗಸು. ರುಕ್ಮವ್ವನನ್ನು ನಿಧಾನವಾಗಿ ಮಾತಾಡಿಸಿ, ತಲೆಯ ಚಿತ್ರ ತೆಗೆಸಿ ನೋಡಿದರು. ಇದು ಮರೆವಿನ ಕಾಯಿಲೆ, ಹಿಂದಕ್ಕೆ ತಿರುಗುವುದಿಲ್ಲ ಎಂದರು. ಆಗ ಮಹಾದೇವಿ ಚಟ್ನಿಯ ವಿಷಯವನ್ನು ಒಂದೂ ಬಿಡದೆ ಹೇಳಿದಳು.

"ಅಲ್ಯೂಮಿನಿಯಂ ಮೇಲೆ ಅನುಮಾನ ಇದೆಯಮ್ಮ, ಅದರಿಂದಲೇ ಬರುತ್ತೆ ಅಂತ ಯಾರೂ ತೋರಿಸಿಲ್ಲ," ಎಂದರು ಡಾಕ್ಟರು. "ಈ ಕಾಯಿಲೆ ಎಷ್ಟೋ ವರ್ಷ ಒಳಗೊಳಗೇ ಬೆಳೆದಿರುತ್ತೆ. ನಿಮ್ಮ ಚಟ್ನಿಯಿಂದ ಬಂದಿದ್ದಲ್ಲ. ಆದ್ರೆ ಹುಳಿ, ಉಪ್ಪು ಇರೋದಕ್ಕೆ ಆ ಹಾಳೆ ತಾಗಿಸಬೇಡಿ, ಕರಗಿ ಊಟದಲ್ಲಿ ಸೇರುತ್ತೆ. ಹುಣಸೆ, ಟೊಮೇಟೊ, ನಿಂಬೆ, ಉಪ್ಪಿನಕಾಯಿ ಯಾವುದಕ್ಕೂ ಬೇಡ. ಅಂಥದ್ದನ್ನ ಗಾಜು, ಪಿಂಗಾಣಿಯಲ್ಲಿ ಇಡಿ. ಒಣಗಿರೋ ರೊಟ್ಟಿ, ಚಪಾತಿಗೆ ಸುತ್ತಿದ್ರೆ ಪರವಾಗಿಲ್ಲ."

"ಖರೇ ಹೇಳ್ರಿ ಮೇಡಂ, ನನ್ನ ಕೈಯಿಂದ ಆಗಿಲ್ಲಲ್ರೀ?"

"ಆಗಿಲ್ಲಮ್ಮ."

ಹೊರಗೆ ಬಂದ ಮೇಲೆ ಸಂಗಮೇಶ ಹಗುರಾದ. ಅವಳು ಆಗಲಿಲ್ಲ. ಅನುಮಾನ ಇದೆ ಎಂಬ ಮೊದಲ ಮಾತೇ ಅವಳ ಕಿವಿಯಲ್ಲಿ ಉಳಿದಿತ್ತು. ಮನೆಗೆ ಬಂದು ಚಟ್ನಿಯನ್ನೆಲ್ಲ ಚೆಲ್ಲಿ, ಪಿಂಗಾಣಿ ಜಾಡಿ ತರಿಸಿದಳು. ನೀಲವ್ವ ಡಾಕ್ಟರ ಮಾತನ್ನು ಪೂರ್ತಿ ಕೇಳಲೂ ಇಲ್ಲ. ತಾಯಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು.

ದೀಪಾವಳಿ ಕಳೆದ ಮೇಲೆ ಅವಳೇ ವಾಪಸ್ ತಂದು ಬಿಟ್ಟಳು. ರುಕ್ಮವ್ವ ಅರ್ಧಕ್ಕರ್ಧ ಇಳಿದುಹೋಗಿದ್ದರು. "ಮೂರು ಸಲ ತಪ್ಪಿಸ್ಕೊಂಡ್ಲು. ನನ್ನ ಕೈಲಿ ಆಗೂದಿಲ್ಲ," ಎಂದಳು ನೀಲವ್ವ. ಚಟ್ನಿಯ ಮಾತು ಎತ್ತಲಿಲ್ಲ. ಸಂಜೆಯ ಬಸ್ಸಿಗೇ ಹೊರಟಳು.

ಮಹಾದೇವಿ ತಟ್ಟೆ ತಂದಿಟ್ಟಳು. ರುಕ್ಮವ್ವ ಮುಟ್ಟಲಿಲ್ಲ.

"ಯಾರು ಮಾಡಿದ್ದು ಇದು?" ಎಂದು ಕೇಳಿದರು.

"ನಾನ ಮಾಡೀನ್ರಿ, ಅತ್ತಿ. ನಿಮ್ಮ ಸೊಸಿ."

ರುಕ್ಮವ್ವ ತಟ್ಟೆಯನ್ನು ದೂರ ಸರಿಸಿದರು. "ಸೊಸಿ ಕೈಯಾಗ ಉಣಬ್ಯಾಡ ಅಂತ ಹೇಳ್ಯಾರ ನನಗ. ಅಕಿ ವಿಷ ಹಾಕತಾಳ."

ಹೇಳಿದವರು ಯಾರೆಂದು ಅವರಿಗೆ ನೆನಪಿರಲಿಲ್ಲ. ಮಗನ ಹೆಸರು ಮರೆತಿತ್ತು, ಊರು ಮರೆತಿತ್ತು. ಈ ಒಂದು ಮಾತು ಮಾತ್ರ ಗಟ್ಟಿಯಾಗಿ ನಿಂತಿತ್ತು. ಎರಡು ದಿನ ಬಾಳೆಹಣ್ಣು, ನೀರಿನ ಮೇಲೆ ಕಳೆದರು. ಮಹಾದೇವಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿದ್ದುದನ್ನು ಭದ್ರಮ್ಮ ಕಂಡಳು.

"ಅತ್ರೆ ಅವರ ಹೊಟ್ಟೆ ತುಂಬ್ತದಾ?" ಎಂದಳು. "ಭದ್ರಮ್ಮ ಮಾಡಿ ಕಳ್ಸವ್ಳೆ ಅನ್ನು. ನೀನು ಸೊಸೆ ಅಂತ ಅವರಿಗೇನು ಗ್ಯಾನ ಅದೆಯಾ? ಪಕ್ಕದ ಮನೆಯೋಳು ಅಂತ ಏಳ್ಬುಡು."

ಸುಳ್ಳು ಹೇಳಲು ಮಹಾದೇವಿಗೆ ನಾಲಿಗೆ ಏಳಲಿಲ್ಲ. ಮತ್ತೊಂದು ಹೊತ್ತು ಉಪವಾಸ ಕಳೆಯಿತು. ಕೊನೆಗೆ ಬೇರೆ ಸೀರೆ ಉಟ್ಟು, ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮುಂಬಾಗಿಲಿನಿಂದ ತಟ್ಟೆ ಹಿಡಿದು ಬಂದಳು. "ಬಾಜೂ ಮನಿಯಾಕಿ ಅದೀನ್ರಿ. ಊಟ ತಂದೀನಿ," ಎಂದಳು. ರುಕ್ಮವ್ವ ಅವಳ ಕೈಯಿಂದಲೇ ತುತ್ತು ತಿಂದರು.

ಮುಂದಿನ ಬೇಸಿಗೆಯವರೆಗೂ ಹಾಗೆಯೇ ನಡೆಯಿತು. ಅಷ್ಟು ತಿಂಗಳು ಅವಳು ತನ್ನ ಮನೆಯಲ್ಲಿ ಪಕ್ಕದ ಮನೆಯವಳಾಗಿದ್ದಳು. ಒಮ್ಮೆ ಉಣ್ಣುತ್ತ ರುಕ್ಮವ್ವ ಕೇಳಿದರು, "ನಿನಗ ಅತ್ತಿ ಅದಾಳೇನವಾ?"

"ಅದಾರ್ರಿ."

"ಚಲೋ ನೋಡ್ಕೋತಾಳೇನು?"

"ಹೂಂನ್ರಿ," ಎಂದು ಮಹಾದೇವಿ ಅನ್ನ ಕಲಸಿದಳು.

ಮೇ ತಿಂಗಳಲ್ಲಿ ರುಕ್ಮವ್ವ ತೀರಿಕೊಂಡರು. ನೀಲವ್ವ ಬಂದು ಹೆಣದ ಪಕ್ಕ ಕೂತು ಅತ್ತಳು. ಮಹಾದೇವಿ ಅವಳಿಗೆ ಚಹಾ ಮಾಡಿಕೊಟ್ಟಳು. ನೀಲವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅದರೊಳಗೆ ನೋಡಿ, ಆಮೇಲೆ ಕುಡಿದಳು.