ತಂಗಿಯ ಶನಿವಾರದ ಪಾಠ

ಹುಡುಗಿಗೆ ಮುಟ್ಟು ಆಗುತ್ತದೆ, ಅದಕ್ಕೆ ಅಂಜಬಾರದು ಎಂಬ ಮಾತನ್ನು ನಾನು ನನ್ನ ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವ್ವ ತೀರಿಕೊಳ್ಳುವ ಹಿಂದಿನ ವರ್ಷ ನನ್ನನ್ನು ಬಚ್ಚಲ ಒಲೆಯ ಮುಂದೆ ಕೂಡಿಸಿಕೊಂಡು ಎಲ್ಲ ಹೇಳಿದ್ದಳು. ತನ್ನ ಹಳೆಯ ಸೀರೆ ಹರಿದು, ಮಡಿಚಿ ಕೈಗೆ ಕೊಟ್ಟಿದ್ದಳು. ತಂಗಿ ನನಗಿಂತ ಆರು ವರ್ಷ ಸಣ್ಣವಳು. ಅವಳಿಗೆ ಹೇಳುವ ಹೊತ್ತಿಗೆ ಅವ್ವ ಇರಲಿಲ್ಲ. ನಾನಿದ್ದೆ.

ನಮ್ಮದು ಬಸವಕಲ್ಯಾಣ, ಕೊರಳಲ್ಲಿ ಲಿಂಗ ಇದ್ದವರ ಮನೆ. ನಮ್ಮಲ್ಲಿ ಮುಟ್ಟಿಗೆ ಸೂತಕವಿಲ್ಲ. ಆ ದಿನಗಳಲ್ಲೂ ಹೆಂಗಸರು ಜಳಕ ಮಾಡಿ ಪೂಜೆಗೆ ಕೂಡುತ್ತಾರೆ, ರೊಟ್ಟಿ ಬಡಿಯುತ್ತಾರೆ. ಆಚೆ ಓಣಿಯ ಕೆಲವು ಮನೆಗಳಲ್ಲಿ ಹೆಂಗಸರು ಮೂರು ದಿನ ಹೊರಗೆ ಕೂಡುತ್ತಿದ್ದರು. ಅಲ್ಲಿಯ ಹುಡುಗಿಯರು ನೋಡಿ, ಕೇಳಿ, ಹೇಗೋ ತಿಳಿದುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಕೇಳಲು ಏನೂ ಕಾಣುತ್ತಿರಲಿಲ್ಲ. ಹೊರಗೆ ಕೂಡುವುದು ಅವರ ಮನೆತನದ ಪದ್ಧತಿ, ನಮಗೆ ಅಂಥದ್ದು ಇಲ್ಲವೇ ಇಲ್ಲ ಎಂದು ತಂಗಿ ನಂಬಿದ್ದಳು. ನಮ್ಮಲ್ಲಿ ಸೂತಕವಿಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಸೂತಕವಿಲ್ಲದ ಮೇಲೆ ಅದರ ಮಾತೂ ಬೇಡ ಎಂದು ನಾನು ತಿಳಿದುಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ತಂಗಿ ಆರನೆಯ ತರಗತಿಯಲ್ಲಿದ್ದಳು. ಒಂದು ಸಂಜೆ ಶಾಲೆಯಿಂದ ಬಂದವಳು ಲಂಗ ಬದಲಿಸಿ, ಅದನ್ನು ಜೋಳದ ಚೀಲದ ಹಿಂದೆ ತುರುಕಿದಳು. ಮರುದಿನ ನನಗೆ ಸಿಕ್ಕಿತು. ಒಗೆದೆ, ಒಣಗಿಸಿದೆ, ಅವಳ ಟ್ರಂಕಿನಲ್ಲಿ ಮಡಿಚಿಟ್ಟು ಮೇಲೆ ನಾಲ್ಕು ಅರಿವೆ ತುಂಡು ಇಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಅವಳೂ ಕೇಳಲಿಲ್ಲ.

ಮೂರನೆಯ ತಿಂಗಳು ನಾನು ರೊಟ್ಟಿ ಬಡಿಯುತ್ತಿದ್ದಾಗ ಬೆನ್ನ ಹಿಂದೆ ಬಂದು ನಿಂತಳು.

"ಅಕ್ಕಾ, ನಾನೂ ಅವ್ವನಂಗ ಸಾಯ್ತೀನೇನ?"

"ಹುಚ್ಚಿ, ಹೋಗು, ಕಸ ಹೊಡಿ," ಎಂದೆ. ತಿರುಗಿಯೂ ನೋಡಲಿಲ್ಲ.

ಹೋಗಿ ಹೊಡೆದಳು. ಹೊಡೆದ ಅಂಗಳವನ್ನೇ ಮತ್ತೆ ಮತ್ತೆ ಹೊಡೆಯುವುದು ಒಳಗೆ ಕೇಳುತ್ತಿತ್ತು. ಹೇಳದಿರಲು ನಾಚಿಕೆ ಬಿಟ್ಟರೆ ನನಗೆ ಬೇರೆ ಕಾರಣ ಇರಲಿಲ್ಲ. ಒಂದು ವರ್ಷದ ಮೇಲೆ ಗೆಳತಿಯೊಬ್ಬಳು ಅವಳಿಗೆ ತಿಳಿಸಿ ಹೇಳಿದಳಂತೆ. ಒಂದು ವರ್ಷ ನನ್ನ ತಂಗಿ ತನಗೆ ಸಾವು ಬಂದಿದೆ ಎಂದುಕೊಂಡೇ ನನ್ನ ಪಕ್ಕದಲ್ಲಿ ಮಲಗಿದ್ದಳು.

ಮುಂದೆ ನನ್ನನ್ನು ಹುಮನಾಬಾದಿಗೆ ಕೊಟ್ಟರು. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ತಂಗಿ ಓದಿ ಟೀಚರ್ ಆದಳು. ದುಬಲಗುಂಡಿ ಕಡೆಯ ಒಂದು ಶಾಲೆಗೆ ಹುಮನಾಬಾದಿನ ನಮ್ಮ ಮನೆಯಿಂದಲೇ ಬಸ್ಸಿಗೆ ಹೋಗಿಬರುತ್ತಿದ್ದಳು. ಒಂದು ಶನಿವಾರ ಇಬ್ಬರೂ ಬಸವಕಲ್ಯಾಣಕ್ಕೆ ತೊಟ್ಟಿಲ ಕಾರ್ಯಕ್ಕೆ ಹೋಗಬೇಕಿತ್ತು. ಅವಳನ್ನು ಕರೆದುಕೊಂಡು ಬರಲು ಶಾಲೆಗೆ ಹೋಗಿ, ವರ್ಗದ ಹೊರಗಿನ ಕಟ್ಟೆಯ ಮೇಲೆ ಕುಳಿತೆ.

ಗಂಡುಹುಡುಗರನ್ನು ಖೋ ಖೋ ಆಡಲು ಬಯಲಿಗೆ ಕಳಿಸಿದ್ದರು. ಒಳಗೆ ಆರು, ಏಳನೆಯ ತರಗತಿಯ ಹುಡುಗಿಯರು. ಉಗುರು, ಕೈ ತೊಳೆಯುವುದು, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಕೂಗಿ ಓಡಿಬಂದು ಹೇಳುವುದು, ಇಷ್ಟಾದ ಮೇಲೆ ತಂಗಿ ಪುಸ್ತಕ ಮುಚ್ಚಿದಳು. ಚೀಲದಿಂದ ಹಳೆಯ ಅರಿವೆ ತೆಗೆದು, ಹೇಗೆ ಮಡಿಚಬೇಕು, ಹೇಗೆ ಒಗೆಯಬೇಕು ಎಂದು ತೋರಿಸಿದಳು. ಬಿಸಿಲಲ್ಲೇ ಒಣಗಿಸಬೇಕು ಎಂದಾಗ ಒಬ್ಬಳು, ಮಂದಿ ನೋಡುತ್ತಾರಲ್ಲ ಎಂದಳು.

"ನಿಮ್ಮಣ್ಣನ ಬನಿಯನ್ ನೋಡಂಗಿಲ್ಲೇನ? ಅದರಾಗಿನ ತೂತು ಸೈತ ಎಣಿಸ್ತಾರ."

ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ನಗು ನಿಂತ ಮೇಲೆ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು, "ನಿಮಗ ಯಾರ್ ಹೇಳಿದ್ರಿ ಟೀಚರ್?"

"ನಮ್ಮಕ್ಕ," ಎಂದಳು ತಂಗಿ. "ಮಗ್ಗಲಿಗೆ ಕೂಡಿಸ್ಕೊಂಡು ತಲಿ ಮ್ಯಾಲ ಕೈ ಆಡಿಸಿ ಹೇಳಿದ್ಳು. ನೀವೂ ಮನ್ಯಾಗ ತಂಗೇರಿಗೆ ಹಂಗ ಹೇಳ್ರಿ."

ನಾನು ಕಟ್ಟೆಯಿಂದ ಎದ್ದು ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ಬಸ್ಸಿನಲ್ಲಿ ಕೇಳಿದೆ, ಅಂಥ ಸುಳ್ಳು ಯಾಕೆ ಹೇಳಿದೆ ಎಂದು. ನಾನು ಕೇಳಿಸಿಕೊಂಡದ್ದು ಗೊತ್ತಾಗಿ ಅವಳು ನಾಚಿದಳು. ಯಾರೂ ಹೇಳಲಿಲ್ಲ ಎಂದರೆ ಹುಡುಗಿಯರು ಹೇಳದಿರುವುದನ್ನೇ ಕಲಿಯುತ್ತಾರೆ, ಅಕ್ಕ ಹೇಳಿದಳು ಎಂದರೆ ಹೇಳುವುದನ್ನು ಕಲಿಯುತ್ತಾರೆ ಎಂದಳು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟಳು.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲಕ್ಕಾ. ಪಾಪ, ನಿನಗರ ಯಾರ್ ಹೇಳಿದ್ರು?"

ಇಷ್ಟು ವರ್ಷ ಹಾಗೆಂದುಕೊಂಡೇ ನನ್ನನ್ನು ಮನ್ನಿಸಿದ್ದಳು. ಸುಮ್ಮನೆ ಕುಳಿತಿದ್ದರೆ ಅದೂ ನಡೆದುಹೋಗುತ್ತಿತ್ತು. ಮುಂದಿನ ಸೀಟಿನವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು ಬಾಯಿ ಬಿಟ್ಟೆ.

"ಅವ್ವ ಹೇಳಿದ್ಳು ನನಗ. ಎಲ್ಲಾ ಗೊತ್ತಿತ್ತು. ನೀ ಅಂಜಿಕೊಂಡು ಬಂದು ಕೇಳ್ದಿ, ಗೊತ್ತಿದ್ದೂ ನಾ ಹೇಳಲಿಲ್ಲ. ತಪ್ಪು ನಂದೇ ಅದ, ತಂಗಿ. ನನಗ ಮಾಫ್ ಮಾಡು."