ಮನೆಗೆ ಬೆಲೆ ಕಟ್ಟುವವರು

ಬ್ಯಾಂಕು ಸಾಲ ಕೊಡುವ ಮೊದಲು ಮನೆಗೆ ಬೆಲೆ ಕಟ್ಟಲು ಕಳಿಸುತ್ತಿದ್ದ ಎಂಜಿನಿಯರು ಅವರು. ಟಿಕೋಟಾ ರಸ್ತೆಯ ನಮ್ಮ ಬಡಾವಣೆಯ ಅರ್ಧ ಮನೆಗಳನ್ನು ಅವರೇ ಅಳೆದಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಬೈಕಿನ ಕೀಲಿಯಿಂದ ಗೋಡೆ ತಟ್ಟಿ, ಕಿವಿಗೊಟ್ಟು ಕೇಳುವರು. ಮಾರುವವರು ಚಹಾ ಕೊಟ್ಟರೆ ಬೇಡವೆಂದು ನೀರಷ್ಟೇ ಕುಡಿಯುವರು. ಕೊಳ್ಳುವವರಿಗೆ ಮಾತ್ರ ಪ್ರತಿಸಲವೂ ಒಂದೇ ಮಾತು: “ಬ್ಯಾಂಕ್ ಎಷ್ಟ ಕೊಡತೈತಿ ಅನ್ನೂದು ನಿಮ್ಮ ಹೊಟ್ಟ್ಯಾಗ ಇರ್ಲಿ.”

ನನ್ನ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಕೇಳಿದ್ದಕ್ಕಿಂತ ಎರಡು ಲಕ್ಷ ಹೆಚ್ಚು ಸಾಲ ಸಿಗುತ್ತದೆಂಬ ಖುಷಿಗೆ, ನಾನು ಕೊಳ್ಳಲಿದ್ದ ಮನೆಯ ಮಾಲೀಕರೆದುರೇ ಹೇಳಿಬಿಟ್ಟೆ. ಮರುದಿನ, ಮಾತಾಗಿದ್ದ ಬೆಲೆ ಸರಿಯಾಗಿ ಎರಡು ಲಕ್ಷ ಏರಿತ್ತು.

ಎಂಜಿನಿಯರನ್ನು ಮತ್ತೆ ಕರೆತಂದೆ. ಅವರು ವಾದಿಸಲಿಲ್ಲ. ಟೇಪಿನ ತುದಿಯನ್ನು ಮಾಲೀಕರ ಕೈಗೇ ಕೊಟ್ಟು ಇನ್ನೊಮ್ಮೆ ಅಳೆದರು.

“ಮನಿ ಮೊನ್ನೆ ಎಷ್ಟ ಇತ್ತೋ ಇವತ್ತೂ ಅಷ್ಟ ಐತ್ರಿ.”

ಮಾಲೀಕರು ನಕ್ಕರು. “ಮನಿ ಬೆಳದಿಲ್ಲ ಖರೆ. ಇವರ ಸಾಲ ಬೆಳದೈತಲ್ರಿ!”

ಎಂಜಿನಿಯರು ಟೇಪು ಸುತ್ತಿಕೊಂಡರು. ಬೇರೆ ಮನೆ ಹುಡುಕುವ ತಾಳ್ಮೆಯಿಲ್ಲದೆ ನಾನು ಏರಿದ ಬೆಲೆಗೇ ಕೊಂಡೆ.

ಗೃಹಪ್ರವೇಶದ ದಿನ ಬಂದ ಎಂಜಿನಿಯರು ರೂಢಿಯಂತೆ ಕೀಲಿಯಿಂದ ಗೋಡೆ ತಟ್ಟಿದರು. ಬೆಲೆಯ ಮಾತೆತ್ತಲಿಲ್ಲ. ನನ್ನ ಹೆಂಡತಿ ನೀರು ತಂದಾಗ ಮೆಲ್ಲಗೆ ಹೇಳಿದರು: “ಇವತ್ತ ಚಹಾ ಕುಡೀತೇನ್ರೀ ಅಕ್ಕಾರ.”